ಕಂಡಕ್ಟರ್ ಜಾಗ

ರಾಯಚೂರಿನ ಮೇ ತಿಂಗಳಲ್ಲಿ ಮಂಕಿ ಕ್ಯಾಪ್ ಹಾಕಿಕೊಂಡು ಓಡಾಡುವ ಹೆಂಗಸನ್ನು ನನ್ನ ಜನ್ಮದಲ್ಲಿ ನೋಡಿದ್ದು ಒಬ್ಬರನ್ನೇ. ಕಂದು ಬಣ್ಣದ ಉಣ್ಣೆಯ ಟೋಪಿ, ಗಂಡಸರು ಹಾಕುವಂಥದ್ದು. ಅದರ ಮೇಲೆ ದುಪಟ್ಟಾ. ದುಪಟ್ಟಾದ ಮೇಲೆ ಹಣೆಗೇರಿಸಿದ ಒಂದು ಕನ್ನಡಕ, ಮೂಗಿನ ಮೇಲೆ ಇನ್ನೊಂದು. ಹೊರಗೆ ಡಾಂಬರು ಕರಗಿ ಚಪ್ಪಲಿಗೆ ಅಂಟುವ ಹೊತ್ತಿನಲ್ಲಿ ಅವರು ಕಂಪ್ಯೂಟರ್ ಕೋಣೆಯ ಬಾಗಿಲು ತೆಗೆದು ಕಾರಿಡಾರಿಗೆ ಬಂದರೆ, ಎಕ್ಸ್‌ರೇಗೆ ಕೂತಿದ್ದ ಜನ ತಮ್ಮ ನೋವು ಮರೆತು ಅವರನ್ನೇ ನೋಡುತ್ತಿದ್ದರು. ಒಳಗಿನ ಎ.ಸಿ. ಹದಿನೆಂಟರಲ್ಲೇ ಇರಬೇಕೆಂಬುದು ಅವರ ಹಟ. ಆ ಚಳಿಗೆ ಟೋಪಿ. ಹೊರಗೆ ಬರುವಾಗಲಾದರೂ ತೆಗೆಯಬಹುದಲ್ಲ ಎಂದರೆ, "ಮತ್ತ ಹಾಕೊಳ್ಳಾಕ ಮರೀತೀನಿ" ಎಂಬ ಉತ್ತರ. ಅವರ ಜೊತೆ ಆರು ವರ್ಷ ಕೆಲಸ ಮಾಡಿದೆ. ಆರು ವರ್ಷವೂ ಅವರ ಮೇಲೆ ನನಗೆ ಸಿಟ್ಟಿತ್ತು. ಈಗಲೂ ಪೂರ್ತಿ ಇಳಿದಿಲ್ಲ.

ನಾನು ಮಾನ್ವಿಯವಳು. ಡಿಪ್ಲೊಮಾ ಮುಗಿಸಿ ರಾಯಚೂರಿನ ಒಂದು ಸ್ಕ್ಯಾನಿಂಗ್ ಸೆಂಟರಿನಲ್ಲಿ ಕೆಲಸ ಸಿಕ್ಕಾಗ ನಮ್ಮವ್ವ ಓಣಿ ತುಂಬಾ ಹೇಳಿಕೊಂಡು ಬಂದಿದ್ದಳು: "ನಮ್ಮ ಹುಡುಗಿ ಎ.ಸಿ.ಯಾಗ ಕುಂತು ಕೆಲಸ ಮಾಡ್ತಾಳ." ಹತ್ತಿ ಬಿಡಿಸುವ ಕೂಲಿಗೆ ಹೋಗಿ ಬೆರಳು ಒರಟಾದವಳಿಗೆ ಅದಕ್ಕಿಂತ ದೊಡ್ಡ ಸುದ್ದಿ ಬೇರೆ ಇರಲಿಲ್ಲ. ಆ ಎ.ಸಿ.ಯೊಳಗೆ ಯಾರು ಕೂತಿದ್ದಾರೆ ಎಂಬುದು ಪಾಪ ಅವಳಿಗೆ ಹೇಗೆ ಗೊತ್ತಾಗಬೇಕು!

ಅವರನ್ನು ಎಲ್ಲರೂ ಆಪಾ ಎನ್ನುತ್ತಿದ್ದರು. ಮುಸಲ್ಮಾನರ ಮನೆಗಳಲ್ಲಿ ಅಕ್ಕನನ್ನು ಕರೆಯುವ ಹಾಗೆ. ಸೆಂಟರಿನ ಮಾಲೀಕರಾದ ಡಾಕ್ಟರ್ ಸಾಹೇಬರಿಗೆ ಆಪಾಗಿಂತ ಹತ್ತು ವರ್ಷವಾದರೂ ಹೆಚ್ಚಾಗಿತ್ತು, ಅವರೂ ಆಪಾ ಎಂದೇ ಕರೆಯುತ್ತಿದ್ದರು. ಕಂಪ್ಯೂಟರ್ ವಿಭಾಗಕ್ಕೆ ಆಪಾ ಮುಖ್ಯಸ್ಥರು. ವಿಭಾಗ ಎಂದರೆ ಅವರೊಬ್ಬರೇ. ನಾನು ಸೇರಿದ ಮೇಲೆ ಇಬ್ಬರಾದೆವು.

ನಮ್ಮ ಕೆಲಸ ಇಷ್ಟು. ರಾಯಚೂರು, ದೇವದುರ್ಗ, ಮಾನ್ವಿ, ಮೂರೂ ಕಡೆ ತೆಗೆದ ಎಕ್ಸ್‌ರೇ, ಸಿ.ಟಿ. ಫಿಲ್ಮುಗಳೆಲ್ಲ ಇಂಟರ್ನೆಟ್ ಲೈನಿನ ಮೂಲಕ ನಮ್ಮ ಕೋಣೆಗೆ ಬರುತ್ತಿದ್ದವು. ಅಲ್ಲಿ ಅವನ್ನು ತುಂಬಿಡುವ ಮೂರು ದೊಡ್ಡ ಪೆಟ್ಟಿಗೆಗಳಿದ್ದವು, ಒಳಗೆ ಸಾಲಾಗಿ ಡಿಸ್ಕುಗಳು. ಈ ಪೆಟ್ಟಿಗೆಗಳು ಎಷ್ಟು ತುಂಬಿವೆ, ದಿನಕ್ಕೆ ಎಷ್ಟು ಏರುತ್ತಿವೆ, ಯಾವ ಡಿಸ್ಕು ಬಿಸಿಯಾಗಿದೆ ಎಂದು ಕಾಯುವುದಕ್ಕೇ ಒಂದು ಸಾಫ್ಟ್‌ವೇರ್ ಇತ್ತು. ಮೂಲೆಯಲ್ಲಿ ಅದಕ್ಕೆ ಬೇರೆಯೇ ಒಂದು ಕಂಪ್ಯೂಟರ್. ಐದೈದು ನಿಮಿಷಕ್ಕೆ ಪೆಟ್ಟಿಗೆಗಳನ್ನು ಕೇಳಿ ಬರೆದಿಟ್ಟುಕೊಳ್ಳುತ್ತಿತ್ತು. ಎಲ್ಲ ಸರಿಯಿದ್ದರೆ ಪರದೆಯ ಮೇಲೆ ಹಸಿರು ಚುಕ್ಕೆ, ಇಲ್ಲದಿದ್ದರೆ ಕೆಂಪು. ಆ ಕಾವಲುಗಾರನನ್ನು ಕಾಯುವ ಕೆಲಸ ನನಗೆ ಬಂತು.

ಮೊದಲ ವಾರವೇ ಜಗಳ. ಆ ಮೂಲೆಯ ಕಂಪ್ಯೂಟರಿನ ಡಿಸ್ಕಿನಲ್ಲಿ ಮೂರರಲ್ಲಿ ಒಂದು ಪಾಲು ಖಾಲಿ ಬಿದ್ದಿತ್ತು. ಇಷ್ಟು ಜಾಗ ಸುಮ್ಮನೆ ಯಾಕೆ, ಏನಾದರೂ ಇಡೋಣ ಎಂದೆ. ಆಪಾ ಎರಡೂ ಕನ್ನಡಕದಿಂದ ನನ್ನನ್ನು ನೋಡಿದರು.

"ನೀ ಮಾನ್ವಿಯಿಂದ ಹೆಂಗ ಬರ್ತಿ?"

"ಬಸ್ಸಿನಾಗ ಆಪಾ."

"ಸೀಟೆಲ್ಲಾ ತುಂಬಿರ್ತಾವ. ನಡುವ ಮಂದಿ ನಿಂತಿರ್ತಾರ. ಬಾಗಿಲದಾಗ ಜೋತು ಬಿದ್ದಿರ್ತಾರ. ಕಂಡಕ್ಟರ್ ಹೆಂಗ ತಿರುಗಾಡ್ಬೇಕು? ಟಿಕೀಟ್ ಹೆಂಗ ಹರಿಬೇಕು?"

"ಆದ್ರೂ ಬಸ್ಸು ಹೋಗ್ತದಲ್ಲ ಆಪಾ."

"ಬಸ್ಸು ಹೋಗ್ತದ. ಡಿಸ್ಕ್ ಹೋಗಂಗಿಲ್ಲ, ನಿಂತು ಬಿಡ್ತದ."

ಸಾಫ್ಟ್‌ವೇರು ತನ್ನ ಲೆಕ್ಕವನ್ನು ನಕಲು ಮಾಡಬೇಕಾದರೆ ಅಷ್ಟೇ ಜಾಗ ಮತ್ತೊಮ್ಮೆ ಬೇಕು. ಹಳೆಯದನ್ನು ಒತ್ತಿ ಚಿಕ್ಕದು ಮಾಡಬೇಕಾದರೂ ಕೈಕಾಲು ಆಡಿಸಲು ಜಾಗ ಬೇಕು. ಖಾಲಿ ಇರುವುದೆಂದರೆ ವ್ಯರ್ಥವಲ್ಲ, ಅದು ಕೆಲಸದ ಜಾಗ. ಇದನ್ನು ಎರಡು ಮಾತಿನಲ್ಲಿ ಹೇಳಿ ಮುಗಿಸಬಹುದಿತ್ತು. ಅವರು ಅಂದಿನಿಂದ ಅದಕ್ಕೆ ಕಂಡಕ್ಟರ್ ಜಾಗ ಎಂದು ಹೆಸರಿಟ್ಟು, ದಿನಕ್ಕೆ ನಾಲ್ಕು ಸಲ, "ಏ ಹುಡುಗಿ, ಕಂಡಕ್ಟರ್ ಜಾಗ ಅದ ಏನು?" ಎಂದು ಕೇಳುತ್ತಿದ್ದರು. ಕಾರಿಡಾರಿನಲ್ಲಿ ಕೂಗಿ ಕೇಳುತ್ತಿದ್ದರು. ಯಾರೋ ಪೇಷಂಟು ಒಮ್ಮೆ ನನ್ನನ್ನು, "ಯವ್ವಾ, ಇಲ್ಲಿಂದ ಬಸ್ಸು ಬಿಡ್ತಾರೇನು?" ಎಂದೂ ಕೇಳಿದ್ದರು.

ಜಾಗದ ಲೆಕ್ಕ ಹಾಕುವ ಅವರ ರೀತಿಯೂ ಹಾಗೇ. ಸಾಫ್ಟ್‌ವೇರು ತಾನೇ ಚಂದದ ಗೆರೆ ಎಳೆದು, ಇಂಥ ತಿಂಗಳು ತುಂಬುತ್ತದೆ ಎಂದು ತೋರಿಸುತ್ತಿತ್ತು. ಆಪಾ ಅದನ್ನು ಪಕ್ಕಕ್ಕಿಟ್ಟು, ಹರಿದ ಫಿಲ್ಮ್ ಕವರಿನ ಹಿಂದೆ ಪೆನ್ಸಿಲಿನಲ್ಲಿ ಗುಣಾಕಾರ ಹಾಕುವರು: ಎಷ್ಟು ಡಿಸ್ಕು ಕಾಯಬೇಕು, ಎಷ್ಟು ನಿಮಿಷಕ್ಕೊಮ್ಮೆ, ಎಷ್ಟು ದಿನ ಇಟ್ಟುಕೊಳ್ಳಬೇಕು. ಕೊನೆಗೆ ಬಂದದ್ದರ ಮೇಲೆ ಅರ್ಧ ಸೇರಿಸುವರು. ಯಾಕೆ ಅರ್ಧ? "ಮಾನ್ವಿಯಾಗ ಹೊಸಾ ಮಷೀನ್ ತರ್ತಾರ." ತರುತ್ತಾರೆ ಎಂದು ಯಾರೂ ಹೇಳಿರಲಿಲ್ಲ. ಆಮೇಲೆ ತಂದರು, ಆ ಮಾತು ಬೇರೆ.

ಇನ್ನು ಶನಿವಾರ. ನನ್ನ ಪ್ರಾಣ ತಿಂದ ಶನಿವಾರ. ಆ ಸಾಫ್ಟ್‌ವೇರಿನ ವಾರದ ನಕಲನ್ನು ಅಂಗೈಯಗಲದ ಒಂದು ಡಿಸ್ಕಿಗೆ ಇಳಿಸಿ, ಡಿಸ್ಕನ್ನು ಟವೆಲ್ಲಿನಲ್ಲಿ ಸುತ್ತಿ, ಸ್ಟೀಲ್ ಟಿಫಿನ್ ಡಬ್ಬಿಯಲ್ಲಿಟ್ಟು, ಬಸ್ಸು ಹತ್ತಿ, ಗಬ್ಬೂರು ದಾಟಿ ದೇವದುರ್ಗಕ್ಕೆ ಹೋಗಿ, ಅಲ್ಲಿನ ಬ್ರಾಂಚಿನ ಕಪಾಟಿನಲ್ಲಿಟ್ಟು, ಹಿಂದಿನ ವಾರದ ಡಿಸ್ಕನ್ನು ಅದೇ ಡಬ್ಬಿಯಲ್ಲಿ ವಾಪಸು ತರಬೇಕು. ಲೈನಿನ ಮೇಲೆ ಕಳಿಸೋಣ ಎಂದರೆ ಆ ಲೈನು ಫಿಲ್ಮ್ ಸಾಗಿಸುವುದಕ್ಕೇ ಸಾಲುತ್ತಿರಲಿಲ್ಲ. ಇಲ್ಲೇ ಇನ್ನೊಂದು ಕೋಣೆಯಲ್ಲಿಡೋಣ ಎಂದರೆ, "ಬೆಂಕಿಗೆ ಗ್ವಾಡಿ ಗೊತ್ತಾಗ್ತದೇನು?" ಎನ್ನುವರು. ತಂದ ಡಿಸ್ಕಿನಿಂದ ಯಾವುದೋ ಒಂದು ದಿನದ ಲೆಕ್ಕವನ್ನು ಅವರು ಹೇಳುವರು. ನಾನು ಅದನ್ನು ಹೊರತೆಗೆದು ಪರದೆಯ ಮೇಲೆ ತೋರಿಸಬೇಕು. ನಕಲು ಆಯ್ತು ಆಪಾ ಎಂದರೆ ನಡೆಯುತ್ತಿರಲಿಲ್ಲ.

"ಇಟ್ಟೀನಿ ಅಂತ ಎಲ್ಲಾರೂ ಹೇಳ್ತಾರ. ತೆಗೆದು ತೋರಿಸು."

ಮದುವೆಗಳು ತಪ್ಪಿದವು. ಗೆಳತಿಯರ ಜೊತೆ ಒಂದು ಸಿನಿಮಾ ನೋಡಲಾಗಲಿಲ್ಲ. ದೂಳು ತುಂಬಿದ ತಲೆಯಲ್ಲಿ, ತೊಡೆಯ ಮೇಲೆ ಡಬ್ಬಿ ಇಟ್ಟುಕೊಂಡು ಕೂತವಳನ್ನು ಪಕ್ಕದವರು, "ಊಟಕ್ಕ ಏನು ತಂದಿಯವ್ವಾ?" ಎಂದು ಕೇಳಿದಾಗ ನನಗೆ ಆ ಡಬ್ಬಿಯನ್ನು ಕಿಟಕಿಯಿಂದ ಎಸೆಯಬೇಕೆನಿಸುತ್ತಿತ್ತು.

ಹೀಗಿರುವಾಗ ಡಾಕ್ಟರ್ ಸಾಹೇಬರು ಒಂದು ದಿನ ಕೋಣೆಗೆ ಬಂದರು. ಪೆಟ್ಟಿಗೆಗಳು ತುಂಬುತ್ತಾ ಬಂದಿದ್ದವು, ಹೊಸದು ಕೊಡಿಸಿ ಎಂದು ಆಪಾ ಅವರ ಹಿಂದೆ ಬಿದ್ದು ನಾಲ್ಕು ತಿಂಗಳಾಗಿತ್ತು.

"ಆಪಾ, ಹೊಸಾದು ಯಾಕ? ಮೂರು ವರ್ಷ ದಾಟಿದ ಫಿಲ್ಮ್ ಎಲ್ಲಾ ಒರಸಿ ಬಿಡ್ರಿ. ಯಾರು ಬಂದು ಕೇಳ್ತಾರ?"

"ಕೇಳೋರು ಬರ್ತಾರ ಸಾಹೇಬ್ರ. ಹೊಟ್ಟಿಪಾಡಿಗೆ ಊರು ಬಿಟ್ಟೋರು ನಾಲ್ಕು ವರ್ಷಕ್ಕ, ಐದು ವರ್ಷಕ್ಕ ಬರ್ತಾರ. ಕೈಯಾಗ ಕೊಟ್ಟ ಫಿಲ್ಮ್ ಶೆಡ್ಡಿನಾಗ ತೊಯ್ದು ಹೋಗಿರ್ತದ. ನಮ್ಮತ್ರ ಇದ್ರ ಅದ, ಇಲ್ಲಂದ್ರ ಇಲ್ಲ."

ಸಾಹೇಬರು ಕೆಟ್ಟವರಲ್ಲ. ಆದರೆ ಮಾತಿನ ಮೇಲೆ ಏನನ್ನೂ ಕೊಡಿಸುವವರಲ್ಲ. "ನಿಮ್ಮ ಸಾಫ್ಟ್‌ವೇರಿನಾಗ ಒಂದು ವರ್ಷದ್ದು ತೋರಿಸ್ರಿ. ಯಾವ ಊರಿಂದ ಎಷ್ಟು ಏರೇದ, ನಿಜವಾಗ್ಲೂ ಹೊಸಾದು ಬೇಕೋ, ನೋಡಿ ಹೇಳ್ತೀನಿ. ಇಲ್ಲಾಂದ್ರ ಒರಸೋದೇ," ಎಂದು, ಎರಡು ತಿಂಗಳ ಆಚೆಯ ಒಂದು ಶುಕ್ರವಾರ ಗೊತ್ತು ಮಾಡಿ ಹೋದರು.

ಆ ವರ್ಷದ ಲೆಕ್ಕ ಇದ್ದದ್ದು ನನ್ನ ಮೂಲೆಯ ಕಂಪ್ಯೂಟರಿನಲ್ಲಿ. ಅದು ಉಳಿದರೆ ಹಳೆಯ ಫಿಲ್ಮುಗಳು ಉಳಿಯುತ್ತವೆ, ಅದು ಹೋದರೆ ಅವೂ ಹೋಗುತ್ತವೆ. ಇಷ್ಟು ನನಗೂ ಅರ್ಥವಾಗಿತ್ತು. ಅರ್ಥವಾಗಿಯೂ ಮಾಡಿದ್ದನ್ನು ಹೇಳುತ್ತೇನೆ ಕೇಳಿ.

ಮರುವಾರವೇ ಹೈದರಾಬಾದಿನಲ್ಲಿದ್ದ ಆಪಾರ ತಂಗಿಗೆ ಆಪರೇಷನ್ ಆಯಿತು. ನೋಡಿಕೊಳ್ಳಲು ಬೇರೆ ಯಾರೂ ಇರಲಿಲ್ಲ. ಆಪಾ ಎಂಟು ವಾರ ರಜೆ ಹಾಕಿದರು. ಹೊರಡುವಾಗ ನನಗೆ ಹೇಳಿದ್ದು ಒಂದೇ ಮಾತು, ಆದರೆ ಹನ್ನೆರಡು ಸಲ ಹೇಳಿದರು: "ಶನಿವಾರ ತಪ್ಪಿಸಬ್ಯಾಡ."

ಮೊದಲ ಶನಿವಾರ ಹೋದೆ. ಎರಡನೆಯ ಶನಿವಾರ ಬಸ್ ನಿಲ್ದಾಣದವರೆಗೆ ಹೋದೆ. ಬಸ್ಸು ತುಂಬಿ ಬಾಗಿಲು ಮುಚ್ಚಲಾಗದ ಹಾಗಿತ್ತು. ಬಿಸಿಲು ನೆತ್ತಿ ಸುಡುತ್ತಿತ್ತು. ಡಬ್ಬಿ ಹಿಡಿದು ನಿಂತವಳಿಗೆ, ನಾನೇನು ಹುಚ್ಚಿಯೇ ಅನ್ನಿಸಿತು. ವಾಪಸು ಬಂದು, ಮೂಲೆಯ ಕಂಪ್ಯೂಟರ್ ಪ್ರತಿ ವಾರ ತಾನಾಗಿಯೇ ತನ್ನ ನಕಲನ್ನು ತನ್ನ ಡಿಸ್ಕಿನಲ್ಲೇ ಇಟ್ಟುಕೊಳ್ಳುವ ಹಾಗೆ ವ್ಯವಸ್ಥೆ ಮಾಡಿದೆ. ಮೂರನೇ ಒಂದು ಪಾಲು ಖಾಲಿ ಬಿದ್ದಿತ್ತಲ್ಲ, ಕಂಡಕ್ಟರನ ಜಾಗ. ಕಂಡಕ್ಟರ್ ಸ್ವಲ್ಪ ದಿನ ಬಾಗಿಲಲ್ಲಿ ನಿಲ್ಲಲಿ ಎಂದುಕೊಂಡೆ. ಇಲ್ಲೇ ಉಳಿದ ಚಿಕ್ಕ ಡಿಸ್ಕನ್ನು ಒರೆಸಿ ತಮ್ಮನ ಮದುವೆಯ ವಿಡಿಯೊ ತುಂಬಿಕೊಂಡೆ. ಅದೇ ಹುರುಪಿನಲ್ಲಿ ಸಾಫ್ಟ್‌ವೇರಿನ ಹೊಸ ಆವೃತ್ತಿಯನ್ನೂ ಹಾಕಿದೆ. ಬಣ್ಣಗಳು ಚೆನ್ನಾಗಿದ್ದವು.

ಆಪಾ ಶನಿವಾರ ಸಂಜೆ ತಪ್ಪದೆ ಫೋನ್ ಮಾಡುತ್ತಿದ್ದರು.

"ನಕಲು ಆತೇನು?"

"ಆಯ್ತು ಆಪಾ."

"ತೆಗೆದು ನೋಡಿದಿ?"

"ನೋಡೀನಿ ಆಪಾ."

ಮೊದಲನೆಯದು ಸುಳ್ಳಲ್ಲ. ಎರಡನೆಯದು ಸುಳ್ಳು. ಏಳು ಶನಿವಾರ ಹೇಳಿದೆ.

ಅವರು ವಾಪಸು ಬಂದದ್ದು ಮಂಗಳವಾರ, ಸಾಹೇಬರು ಗೊತ್ತು ಮಾಡಿದ ಶುಕ್ರವಾರಕ್ಕೆ ಮೂರು ದಿನ ಮೊದಲು. ಟೋಪಿ ಹಾಕಿಕೊಂಡು ಪರದೆಯ ಮುಂದೆ ನಿಂತರು. ಎಲ್ಲ ಚುಕ್ಕೆಯೂ ಹಸಿರು. ನೋಡಿ ಆಪಾ, ಒಂದಾದರೂ ಕೆಂಪು ಇದೆಯೇ ಎನ್ನುವ ಹಾಗೆ ನಾನು ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದೆ.

"ಮಾನ್ವಿ ಸಂತಿ ಆಗಿಲ್ಲೇನು ಹೋದ ವಾರ?"

"ಆಗೇದ ಆಪಾ. ನಮ್ಮವ್ವ ಹೋಗಿದ್ಲು."

"ಮತ್ತ ಗೆರಿ ಯಾಕ ಏರಿಲ್ಲ?"

ಸಂತೆಯ ದಿನ ಹಳ್ಳಿಗಳಿಂದ ಬಂದವರು ಕೆಲಸದ ಜೊತೆಗೆ ಎಕ್ಸ್‌ರೇಯನ್ನೂ ತೆಗೆಸಿಕೊಂಡು ಹೋಗುತ್ತಾರೆ. ಪ್ರತಿ ವಾರ ಆ ದಿನ ಮಾನ್ವಿಯ ಗೆರೆ ಒಂದು ಮೆಟ್ಟಿಲು ಮೇಲೇರುತ್ತದೆ. ಈ ಸಲ ಅಲುಗಿರಲಿಲ್ಲ. ಆಪಾ ಪರದೆಯ ಮೂಲೆಯಲ್ಲಿದ್ದ ತಾರೀಖನ್ನು ಬೆರಳಿಟ್ಟು ತೋರಿಸಿದರು. ಅದು ಹತ್ತು ದಿನದ ಹಿಂದೆ ನಿಂತಿತ್ತು.

ನಡೆದದ್ದು ಇಷ್ಟು: ನನ್ನ ನಕಲುಗಳು ಒಂದರ ಮೇಲೊಂದು ಕೂತು ಡಿಸ್ಕು ತುಂಬಿತ್ತು. ಬರೆಯಲು ಜಾಗವಿಲ್ಲದೆ ಸಾಫ್ಟ್‌ವೇರು ಬರೆಯುವುದನ್ನೇ ನಿಲ್ಲಿಸಿತ್ತು. ಕೊನೆಗೆ ಕಂಡ ಹಸಿರನ್ನೇ ಹತ್ತು ದಿನದಿಂದ ತೋರಿಸುತ್ತಾ ಕೂತಿತ್ತು. ಮೂರು ಪೆಟ್ಟಿಗೆಗಳನ್ನು ಕಾಯುತ್ತಿದ್ದ ಅದಕ್ಕೆ, ನಿನ್ನನ್ನೂ ಕಾದುಕೋ ಎಂದು ಯಾರೂ ಹೇಳಿರಲಿಲ್ಲ. ಹೇಳಬೇಕಾದವಳು ನಾನು.

ಅಲ್ಲಿಗೆ ನಿಂತಿದ್ದರೂ ಬದುಕುತ್ತಿದ್ದೆ. ಗಾಬರಿಯಲ್ಲಿ ಕೈ ಸುಮ್ಮನಿರಲಿಲ್ಲ. ಆಪಾ "ತಡಿ" ಎನ್ನುವುದರೊಳಗೆ ಕಂಪ್ಯೂಟರಿನ ಗುಂಡಿ ಒತ್ತಿ ಹಿಡಿದು ಬಂದ್ ಮಾಡಿ ಮತ್ತೆ ಚಾಲೂ ಮಾಡಿದೆ. ಲೆಕ್ಕದ ಕಡತ ಒಡೆದು ಹೋಗಿ ತೆರೆಯದಾಯಿತು. ನಕಲುಗಳಿವೆಯಲ್ಲ ಎಂದು, ಜಾಗ ಮಾಡಲು ಹಳೆಯವನ್ನು ಒಂದೇ ಏಟಿಗೆ ಅಳಿಸಿದೆ. ಹೊಸವು ಎರಡು ಇದ್ದರೆ ಸಾಕಲ್ಲ, ಹಳೆಯದು ಯಾಕೆ? ಆಮೇಲೆ ಆ ಎರಡನ್ನು ತೆರೆದೆ. ಡಿಸ್ಕು ತುಂಬಿದ ಮೇಲೆ ಹುಟ್ಟಿದ ನಕಲುಗಳು ಅವು. ಒಳಗೆ ಏನೂ ಇರಲಿಲ್ಲ, ಬರೀ ಹೆಸರು ಇತ್ತು. ಒಳ್ಳೆಯವನ್ನು ನಾನೇ ಅಳಿಸಿದ್ದೆ.

ನಾನು ಅತ್ತೆ. ಅಳುತ್ತಲೇ ಎಲ್ಲ ಹೇಳಿದೆ, ಶನಿವಾರಗಳು, ಬಸ್ಸು, ತಮ್ಮನ ಮದುವೆಯ ವಿಡಿಯೊ. ಬೈಯಲಿ ಎಂದು ಕಾದೆ. ಆಪಾ ಬೈಯಲಿಲ್ಲ. ಅದು ಇನ್ನೂ ಕಷ್ಟವಾಯಿತು. ಕಪಾಟಿನಿಂದ ಖಾಲಿ ಟಿಫಿನ್ ಡಬ್ಬಿ ತೆಗೆದು ನನ್ನ ಕೈಗೆ ಕೊಟ್ಟು, "ನಡಿ ದೇವದುರ್ಗಕ್ಕ" ಎಂದರು.

ಗಬ್ಬೂರಿನಲ್ಲಿ ಬಸ್ಸು ನಿಂತಾಗ ಆಪಾ ಇಳಿದು ಹೋಗಿ ಕಾಗದದಲ್ಲಿ ಮಿರ್ಚಿ ಬಜ್ಜಿ ತಂದರು. ನಾನು ಮುಟ್ಟಲಿಲ್ಲ.

"ತಿನ್ನು. ಹಸದು ಅಳಬಾರ್ದು, ತಲಿ ನೋಯ್ತದ."

"ಬೈರಿ ಆಪಾ, ಬೈದು ಬಿಡ್ರಿ."

"ಬೈದ್ರ ನಿನಗ ಹಗುರಾಗ್ತದ. ನಾ ಯಾಕ ಹಗುರ ಮಾಡ್ಲಿ?"

ಮಿರ್ಚಿ ತಿಂದೆ. ಕಣ್ಣಲ್ಲಿ ನೀರು ಬಂದದ್ದಕ್ಕೆ ಖಾರ ಒಂದು ನೆಪವಾಯಿತು. ದೇವದುರ್ಗದ ಕಪಾಟಿನಲ್ಲಿ ನಾನು ಮೊದಲ ಶನಿವಾರ ಇಟ್ಟ ಡಿಸ್ಕು ಇಟ್ಟ ಹಾಗೇ ಇತ್ತು. ಏಳು ವಾರ ಹಳೆಯದು. ರಾಯಚೂರಿಗೆ ತಂದು ಹಾಕಿದರೆ ಅದೂ ತೆರೆಯಲಿಲ್ಲ. ನಾನು ಹೊಸ ಆವೃತ್ತಿ ಹಾಕಿದ್ದೆನಲ್ಲ, ಅದು ಹಳೆಯ ನಕಲನ್ನು ಒಪ್ಪುತ್ತಿರಲಿಲ್ಲ. ಆಪಾ ಅದೇ ಡಿಸ್ಕಿನಲ್ಲಿದ್ದ ಇನ್ನೊಂದು ಕಡತ ತೆರೆದರು. ಆ ನಕಲು ಮಾಡಿದಾಗ ಇದ್ದ ಸಾಫ್ಟ್‌ವೇರೇ ಅದರಲ್ಲಿ ಪೂರ್ತಿ ಇತ್ತು, ಹೇಗೆ ಹಾಕಬೇಕೆಂದು ಬರೆದ ಒಂದು ಪುಟದ ಸಮೇತ. ಪ್ರತಿ ನಕಲಿನ ಜೊತೆ ಇದನ್ನೂ ಇಡು ಎಂದು ಅವರು ಹೇಳಿದಾಗ, ಸುಮ್ಮನೆ ಜಾಗ ಹಾಳು ಎಂದು ಗೊಣಗಿದವಳೂ ನಾನೇ.

ಬುಧವಾರ ಮಧ್ಯಾಹ್ನದ ಹೊತ್ತಿಗೆ ಲೆಕ್ಕ ಮತ್ತೆ ಪರದೆಯ ಮೇಲೆ ಬಂತು. ವರ್ಷದ ಗೆರೆ ಏರುತ್ತಾ ಬಂದು, ಕೊನೆಗೆ ಏಳು ವಾರ ಖಾಲಿ, ಆಮೇಲೆ ಅಂದಿನ ಒಂದು ಚುಕ್ಕೆ. ಬಾಯಿ ನಡುವೆ ಹಲ್ಲು ಬಿದ್ದ ಹಾಗೆ ಕಾಣುತ್ತಿತ್ತು. ಹಿಂದಿನದರ ಅಂದಾಜಿನಲ್ಲಿ ಆ ಏಳು ವಾರ ತುಂಬಿಸಿಬಿಡೋಣ, ಯಾರಿಗೂ ಗೊತ್ತಾಗುವುದಿಲ್ಲ ಎಂದೆ. ಆಪಾ ಮೂಗಿನ ಮೇಲಿನ ಕನ್ನಡಕ ತೆಗೆದರು.

"ಬೇಟಿ, ತಪ್ಪು ಮಾಡಿದಿ, ಆತು. ಸುಳ್ಳು ಲೆಕ್ಕ ನಕ್ಕೋ."

ನಕ್ಕೋ ಎಂದರೆ ಬೇಡ. ಅವರು ಮನೆಮಾತಿಗೆ ಜಾರಿದರೆ ಅದರ ಮೇಲೆ ಮಾತಿಲ್ಲ ಎಂದರ್ಥ.

ಶುಕ್ರವಾರ ಸಾಹೇಬರು ಬಂದು ಕೂತರು. ಗೆರೆಯನ್ನು ನಿಧಾನವಾಗಿ ನೋಡುತ್ತಾ ಬಂದು ಆ ಖಾಲಿಯಲ್ಲಿ ನಿಂತರು.

"ಇಲ್ಲೇನಾತು?"

ಆಪಾ ಹೇಳುತ್ತಾರೆ ಎಂದು ಕಾದೆ. ಏನಾದರೂ ಹೇಳಿ ನನ್ನನ್ನು ಉಳಿಸುತ್ತಾರೆ ಎಂದುಕೊಂಡಿದ್ದೆ. ಅವರು ನನ್ನ ಕಡೆ ತಿರುಗಿ, "ಮಷೀನ್ ಆಕೀದು. ಆಕೀನ್ನ ಕೇಳ್ರಿ" ಎಂದರು. ಆ ಕ್ಷಣ ಅವರ ಮೇಲೆ ಬಂದ ಸಿಟ್ಟು ಅಷ್ಟಿಷ್ಟಲ್ಲ. ಆದರೂ ಹೇಳಿದೆ. ಹೋಗಲಿಲ್ಲ, ಸುಳ್ಳು ಹೇಳಿದೆ, ಅಳಿಸಿದೆ ಎಂದು, ಒಂದೂ ಬಿಡದೆ.

ಸಾಹೇಬರ ಮುಖ ಗಂಟಿಕ್ಕಿತು. "ಏಳು ವಾರದ್ದೇ ಇಲ್ಲಂದ್ರ ಹೆಂಗ? ನಡುವ ಏನಾಗೇದ ಅಂತ ನನಗೇನು ಗೊತ್ತು? ಹಿಂದಿಂದು ಇಲ್ಲದ ಈಗಿಂದು ಯಾತಕ್ಕ ಹೋಲಿಸಿ ನೋಡ್ಲಿ?"

"ಅದನ್ನ ನಾ ಹೇಳಾಕತ್ತಿದ್ದು ಸಾಹೇಬ್ರ," ಎಂದರು ಆಪಾ. ದನಿ ಏರಿಸಲಿಲ್ಲ. "ತಗಡಿನ ಪೆಟಿಗಿದು ಏಳು ವಾರ ಇಲ್ಲಂದ್ರ ನಿಮಗ ನಂಬಿಕಿ ಬರವಲ್ದು. ಮನುಷ್ಯಾರ ಎದಿದು ಮೂರು ವರ್ಷದ ಹಿಂದಿಂದು ಎಲ್ಲಾ ಒರಸು ಅಂತೀರಿ. ನಾಳಿ ನೀವು ಯಾತಕ್ಕ ಹೋಲಿಸಿ ನೋಡ್ತೀರಿ?"

ಸಾಹೇಬರು ಗೆರೆಯ ಮೇಲೆ ಬೆರಳಾಡಿಸಿ ಮತ್ತೊಮ್ಮೆ ನೋಡಿದರು. ಒಮ್ಮೆ ನನ್ನನ್ನೂ ನೋಡಿದರು. ಎರಡು ಪೆಟ್ಟಿಗೆ ಕೇಳಿದ್ದೆವು, ಒಂದಕ್ಕೆ ಹೂಂ ಎಂದರು. ಒರೆಸುವ ಮಾತು ಅಂದಿಗೆ ನಿಂತಿತು. ಅವರು ಎದ್ದು ಹೋದ ಮೇಲೆ ನಾನು ಆಪಾರ ಮುಂದೆ ನಿಂತು, ನನ್ನನ್ನು ಯಾಕೆ ಹಾಗೆ ಸಿಕ್ಕಿಸಿದಿರಿ ಎಂದು ಕೇಳಿದೆ. ಅವರು ಫಿಲ್ಮ್ ಕವರಿನ ಹಿಂದೆ ಆಗಲೇ ಹೊಸ ಪೆಟ್ಟಿಗೆಯ ಗುಣಾಕಾರ ಹಾಕುತ್ತಿದ್ದರು. ತಲೆ ಎತ್ತದೆ, "ನಾಳಿ ಶನಿವಾರ," ಎಂದರು.

ಹೋದೆ. ಆ ಶನಿವಾರವೂ ಹೋದೆ, ಆಮೇಲಿನವಕ್ಕೂ ಹೋದೆ. ಇಷ್ಟವಾಗಿ ಹೋದೆ ಎಂದರೆ ಸುಳ್ಳಾಗುತ್ತದೆ. ಗೊಣಗುತ್ತಲೇ ಹೋದೆ.

ಹೋದ ವರ್ಷ ಒಂದು ಬೆಳಿಗ್ಗೆ ಆಪಾ ಕೆಲಸಕ್ಕೆ ಹೊರಟು, ಹೊಸ್ತಿಲಲ್ಲಿ ಚಪ್ಪಲಿ ಹಾಕಿಕೊಳ್ಳಲು ಕೂತವರು ಎದೆ ಹಿಡಿದುಕೊಂಡು ಹಾಗೇ ಒರಗಿದರಂತೆ. ಆಸ್ಪತ್ರೆ ಮುಟ್ಟಲಿಲ್ಲ. ನನಗೆ ಸುದ್ದಿ ಬಂದಾಗ ಕೋಣೆಯಲ್ಲಿ ಒಬ್ಬಳೇ ಇದ್ದೆ. ತಿಂಗಳಿಗೊಂದು ದಿನ ಅವರು ಕಾರಿಡಾರಿನ ಬೆಂಚಿನ ಮೇಲೆ ಹೋಗಿ ಕೂತು, "ಇವತ್ತು ನಾ ಇಲ್ಲ ಅನ್ಕೋ" ಎಂದು ಏನು ಕೇಳಿದರೂ ಉತ್ತರ ಕೊಡದೆ ಸಂಜೆವರೆಗೆ ನನ್ನನ್ನು ಗೋಳು ಹೊಯ್ದುಕೊಳ್ಳುತ್ತಿದ್ದರು. ಅದರ ಫಲವಾಗಿ, ಅವರು ನಿಜಕ್ಕೂ ಇಲ್ಲದ ದಿನ ಕೋಣೆಯಲ್ಲಿ ಒಂದು ಕೆಲಸವೂ ನಿಲ್ಲಲಿಲ್ಲ. ಮೂರೂ ಊರಿನ ಫಿಲ್ಮು ಬಂದವು, ಹೋದವು. ಏನಾದರೂ ಒಂದು ನಿಲ್ಲಬೇಕಿತ್ತು ಎಂದು ನನಗೆ ಬಹಳ ಅನ್ನಿಸಿತು. ಬಾಗಿಲು ಹಾಕಿಕೊಂಡು ಅತ್ತೆ.

ಅವರು ಹೋಗಿ ನಾಲ್ಕು ತಿಂಗಳಾಗಿರಬೇಕು. ದೇವದುರ್ಗದ ಹತ್ತಿರದ ಗೂಗಲ್ ಎಂಬ ಊರಿನ ಕಡೆಯ ಹೆಂಗಸೊಬ್ಬಳು ಸೆಂಟರಿಗೆ ಬಂದಳು. ಕಟ್ಟಡದ ಕೆಲಸಕ್ಕೆ ಊರೂರು ಅಲೆದು ವಾಪಸಾದವಳು. ಬಿಡದ ಕೆಮ್ಮಿಗೆ ಎಲ್ಲೋ ತೋರಿಸಿದಾಗ ಶ್ವಾಸಕೋಶದಲ್ಲಿ ಒಂದು ಗಂಟು ಕಂಡಿದೆ, ಅದು ಕೆಟ್ಟದ್ದಿರಬಹುದು, ಕೊಯ್ದು ತೆಗೆಯಬೇಕು ಎಂದಿದ್ದರು. ಗಂಡ ಇಲ್ಲ, ಎರಡು ಮಕ್ಕಳು. ಸಾಹೇಬರು ಹೊಸ ಫಿಲ್ಮನ್ನು ಬೆಳಕಿಗೆ ಹಿಡಿದು ನೋಡಿ, ಹಿಂದೆ ಎಂದಾದರೂ ತೆಗೆಸಿದ್ದೆಯಾ ಎಂದು ಕೇಳಿದರು. ಆರು ವರ್ಷದ ಕೆಳಗೆ ದೇವದುರ್ಗದಲ್ಲಿ ತೆಗೆಸಿದ್ದೆ, ಅದು ಎಲ್ಲಿ ಹೋಯಿತೋ ಗೊತ್ತಿಲ್ಲ ಎಂದಳು. ಸಾಹೇಬರು ನನ್ನ ಕೋಣೆಯ ಬಾಗಿಲಿಗೆ ಬಂದು, "ಇವ್ರ ಹಳೇದು ಅದ ಏನವಾ ನಿನ್ನತ್ರ?" ಎಂದರು.

ಇತ್ತು. ತೆಗೆದು ತೋರಿಸಿದೆ.

ಎರಡನ್ನೂ ಪಕ್ಕಪಕ್ಕ ಇಟ್ಟು ಅಳೆದರು. ಅದೇ ಜಾಗ, ಅಷ್ಟೇ ಗಾತ್ರ, ಆರು ವರ್ಷದಲ್ಲಿ ಕೂದಲೆಳೆಯಷ್ಟೂ ಬೆಳೆದಿರಲಿಲ್ಲ. ಎಂದೋ ಬಂದು ಮಾಯ್ದ ಗಾಯದ ಕಲೆ. ಕೆಮ್ಮಿಗೆ ಔಷಧಿ ಸಾಕು, ಕೊಯ್ಯುವುದು ಬೇಡ ಎಂದರು. ಹೇಳಿ, ನನ್ನ ಮುಖ ನೋಡದೆ ಹೊರಗೆ ಹೋದರು.

ಆ ಹೆಂಗಸಿಗೆ ನಂಬಿಕೆ ಬರಲಿಲ್ಲ. ನನ್ನ ಹತ್ತಿರ ಬಂದು ಮತ್ತೆ ಕೇಳಿದಳು.

"ಯವ್ವಾ, ಕೊಯ್ಯಂಗಿಲ್ಲಂತ, ಖರೇನ?"

"ಖರೇನ. ಹಳೇದು ಸಿಕ್ಕಿತಲ್ಲ, ಅದಕ್ಕ."

"ನಂದು ನನ್ನ ಹತ್ರಾನ ಇರಲಿಲ್ಲ. ಇಷ್ಟು ವರ್ಷ ಯಾರವ್ವಾ ಇಟ್ಟಿದ್ದು?"

"ಇಲ್ಲಿ ಒಬ್ರು ಆಪಾ ಇದ್ರು. ಅವ್ರು."

ಅವಳು ಸೆರಗಿನಿಂದ ಮುಖ ಒರೆಸಿಕೊಂಡಳು. ಇದ್ದರು ಎಂದದ್ದು ಅವಳಿಗೆ ಕೇಳಿಸಲಿಲ್ಲವೋ ಏನೋ. ಎರಡೂ ಕೈ ಜೋಡಿಸಿ, "ನಾ ಬಂದಿದ್ದೆ ಅಂತ ಅವ್ರಿಗೆ ಹೇಳವ್ವಾ, ಮರೀಬ್ಯಾಡ" ಎಂದಳು.

ಹೇಳುತ್ತೇನೆ ಎಂದೆ. ಯಾರಿಗೆ ಹೇಳಲಿ? ಇಲ್ಲಿ ಬರೆದಿದ್ದೇನೆ.